ನಾಯಿಯ ಜೊಲ್ಲು, ಇಲಿಯ ವಿವೇಕ

ಗಂಟೆಯ ನಾದಕ್ಕೆ ಜೊಲ್ಲು ಸುರಿಸಿದ ನಾಯಿಯ ಕಥೆಯನ್ನು ಕೇಳದ ವಿದ್ಯಾವಂತರು ವಿರಳ. ಆದರೆ ಅದನ್ನು ಹೇಳುವವರ ಮಾತಿನಲ್ಲಿ ಸಾಮಾನ್ಯವಾಗಿ ತಾತ್ಸಾರದ ಧ್ವನಿಯೊಂದು ಬೆರೆತಿರುತ್ತದೆ. ಗುಂಡಿ ಒತ್ತಿದರೆ ದೀಪ ಹೊತ್ತುವಂತೆ, ಗಂಟೆ ಬಾರಿಸಿದರೆ ನಾಯಿಯ ಬಾಯಲ್ಲಿ ನೀರೂರುತ್ತದೆ. ಮೂಕಪ್ರಾಣಿಗೆ ಅಷ್ಟೇ ಬುದ್ಧಿ ಎಂಬುದು ಅದರ ಇಂಗಿತ. ಈ ಅಭಿಪ್ರಾಯವು ಪ್ರಾಣಿಗೂ ವಿಜ್ಞಾನಕ್ಕೂ ಏಕಕಾಲದಲ್ಲಿ ಅನ್ಯಾಯ ಮಾಡುತ್ತದೆ.

ರಷ್ಯಾದ ಶರೀರವಿಜ್ಞಾನಿ ಇವಾನ್ ಪಾವ್ಲೊವ್ ನಾಯಿಯ ಮನಸ್ಸನ್ನು ಅರಿಯಲು ಹೊರಟವನಲ್ಲ. ಜೀರ್ಣಕ್ರಿಯೆಯನ್ನು ಕುರಿತ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದವನು ಆತ. ಅವನ ಪ್ರಯೋಗಶಾಲೆಯ ನಾಯಿಗಳು ಆಹಾರವು ಬಾಯಿಗೆ ಬೀಳುವ ಮೊದಲೇ, ಅದನ್ನು ತರುವವನನ್ನು ಕಂಡೊಡನೆಯೇ ಜೊಲ್ಲು ಸುರಿಸತೊಡಗಿದವು. ಇದು ಪ್ರಯೋಗಕ್ಕೆ ಒದಗಿದ ತೊಡಕೆಂದು ಬದಿಗೊತ್ತದೆ, ಅದನ್ನೇ ಶೋಧನೆಯ ವಸ್ತುವಾಗಿಸಿಕೊಂಡದ್ದು ಅವನ ಹಿರಿಮೆ. ತಾಳಯಂತ್ರದ ಸದ್ದಿನ ಬೆನ್ನಿಗೇ ಆಹಾರವನ್ನು ಕೊಡುತ್ತ ಬಂದರೆ, ಕೆಲವು ದಿನಗಳಲ್ಲಿ ಬರಿಯ ಸದ್ದಿಗೇ ಜೊಲ್ಲು ಸುರಿಯಿತು. ಇದೇ ಅಭಿಜಾತ ಅನುಬಂಧನ. ಆಹಾರ ಕೊಡದೆ ಸದ್ದನ್ನಷ್ಟೇ ಮತ್ತೆ ಮತ್ತೆ ಕೇಳಿಸಿದಾಗ ಜೊಲ್ಲು ಕ್ರಮೇಣ ನಿಂತುಹೋಯಿತು. ಸುಳ್ಳಾದ ಸೂಚನೆಯನ್ನು ನಂಬದಿರಲು ನಾಯಿ ಕಲಿತಿತ್ತು. ದೀಪದ ಗುಂಡಿ ಹೀಗೆ ಕಲಿಯುವುದುಂಟೆ?

ಎರಡು ಸಂಗತಿಗಳು ಒಟ್ಟಿಗೆ ಸಂಭವಿಸಿದರೆ ಸಾಕು, ಪ್ರಾಣಿಯು ಅವನ್ನು ತಾನಾಗಿ ಜೋಡಿಸುತ್ತದೆ ಎಂಬ ನಂಬಿಕೆ ಬಹುಕಾಲ ಉಳಿದಿತ್ತು. ಲಿಯಾನ್ ಕಾಮಿನ್ 1960ರ ದಶಕದಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳು ಅದನ್ನು ಅಲುಗಾಡಿಸಿದವು. ಶಬ್ದವಾದರೆ ವಿದ್ಯುದಾಘಾತ ಬರುವುದೆಂದು ಮೊದಲೇ ಅರಿತ ಇಲಿಗೆ, ಆಮೇಲೆ ಶಬ್ದದ ಜೊತೆಗೆ ಬೆಳಕನ್ನೂ ತೋರಿಸಿ ಅದೇ ಆಘಾತವನ್ನು ಕೊಟ್ಟರೂ, ಅದು ಬೆಳಕಿಗೆ ಅಷ್ಟಾಗಿ ಹೆದರಲಿಲ್ಲ. ಗೊತ್ತಿದ್ದ ಸುದ್ದಿಯನ್ನೇ ಬೆಳಕು ಮತ್ತೊಮ್ಮೆ ಹೇಳುತ್ತಿತ್ತು. ಇಲಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. (ಇಂತಹ ಪ್ರಯೋಗಗಳಲ್ಲಿ ಆ ಜೀವಿಗಳು ಪಟ್ಟ ಪಾಡು ಬೇರೆಯೇ ಆದ, ಹಗುರವಲ್ಲದ ಪ್ರಶ್ನೆ.)

ಜಾನ್ ಗಾರ್ಸಿಯಾ ಮತ್ತು ರಾಬರ್ಟ್ ಕೊಯೆಲಿಂಗ್ 1966ರಲ್ಲಿ ಪ್ರಕಟಿಸಿದ ಸಂಗತಿ ಇನ್ನೂ ಸ್ವಾರಸ್ಯವಾದುದು. ಇಲಿಗಳು ರುಚಿ ಬೆರೆಸಿದ ನೀರನ್ನು ಕುಡಿಯುವಾಗ ಬೆಳಕು ಮಿಂಚಿ ಸದ್ದಾಗುತ್ತಿತ್ತು. ಅನಂತರ ಹೊಟ್ಟೆ ತೊಳಸಿದ ಇಲಿಗಳು ಆ ರುಚಿಯನ್ನು ತೊರೆದವು; ವಿದ್ಯುದಾಘಾತ ತಿಂದವು ಬೆಳಕು-ಸದ್ದುಗಳಿಂದ ದೂರ ಸರಿದವು. ಹೊಟ್ಟೆಯ ಬೇನೆಗೆ ತಿಂದದ್ದೂ ಮೈಯ ನೋವಿಗೆ ಹೊರಗಿನದೂ ಕಾರಣವಿರಬೇಕೆಂಬ ತಾರತಮ್ಯ ಅವುಗಳಿಗಿತ್ತು. ರುಚಿಗೂ ಕಾಯಿಲೆಗೂ ನಡುವೆ ಗಂಟೆಗಳೇ ಕಳೆದರೂ ಈ ಕಲಿಕೆ ಸಾಧ್ಯವೆಂಬುದು ತಿಳಿದಾಗ ಹಲವು ಪಂಡಿತರು ನಂಬಲೊಲ್ಲದೆ ಹೋದರು. ಇಲಿಗಿಂತ ಪಂಡಿತರೇ ನಿಧಾನವಾಗಿ ಕಲಿತರೆನ್ನಬೇಕು.

ಈ ತಿಳಿವಳಿಕೆ ಪ್ರಯೋಗಶಾಲೆಯಲ್ಲೇ ಉಳಿಯಲಿಲ್ಲ. ಕಬ್ಬಿನ ಕೀಟಗಳ ನಾಶಕ್ಕೆಂದು 1935ರಲ್ಲಿ ಆಸ್ಟ್ರೇಲಿಯಕ್ಕೆ ತಂದ ವಿಷದ ನೆಲಗಪ್ಪೆಗಳು ದೇಶದ ಉತ್ತರಭಾಗಕ್ಕೆ ಹಬ್ಬಿದಾಗ, ಅವನ್ನು ತಿಂದ ಕ್ವೋಲ್ ಎಂಬ ಪುಟ್ಟ ಮಾಂಸಾಹಾರಿ ಪ್ರಾಣಿಗಳು ಸಾಯತೊಡಗಿದವು. ಸಾಕಿದ ಕ್ವೋಲ್‌ಗಳಿಗೆ ವಿಜ್ಞಾನಿಗಳು, ಕೊಲ್ಲುವಷ್ಟು ವಿಷವಿಲ್ಲದ ಸತ್ತ ಎಳೆಗಪ್ಪೆಗಳಲ್ಲಿ ವಾಕರಿಕೆ ತರುವ ಔಷಧವನ್ನಿರಿಸಿ ತಿನ್ನಿಸಿದರು. ಕಾಡಿಗೆ ಬಿಟ್ಟ ಮೇಲೆ ಅವು ಈ ಪಾಠವಿಲ್ಲದ ಕ್ವೋಲ್‌ಗಳಿಗಿಂತ ಹೆಚ್ಚು ಕಾಲ ಬದುಕಿದುದನ್ನು 2010ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು.