ಮೊಲದ ಸಾಕ್ಷ್ಯ

ಮನುಷ್ಯನ ಜೀವಕೋಶದ ನಡುವೆ ಕೋಶಕೇಂದ್ರವೆಂಬುದೊಂದು ಇದೆ. ವಂಶದ ಗುಣಗಳನ್ನು ಹೊತ್ತ ಎಳೆಗಳು ಅದರೊಳಗೆ ಸುರಕ್ಷಿತವಾಗಿರುತ್ತವೆ. ಈ ಕೇಂದ್ರವನ್ನು ಎರಡು ಪದರಗಳ ತೆಳುವಾದ ಪೊರೆ ಸುತ್ತುವರಿದಿದೆ. ಮನೆಗೆ ಗೋಡೆಯಿದ್ದಂತೆ ಎನ್ನಬಹುದು. ಆದರೆ ಈ ಗೋಡೆ ಸುಮ್ಮನೆ ನಿಂತಿರತಕ್ಕದ್ದಲ್ಲ. ಅದರ ಒಳಪದರದಲ್ಲಿ ನಾಟಿಕೊಂಡಿರುವ ಹಲವು ಪ್ರೋಟೀನುಗಳು ಕೇಂದ್ರದ ಆಕಾರವನ್ನು ಕಾಯುತ್ತವೆ, ಒಳಗಿನ ಎಳೆಗಳಿಗೆ ಆಸರೆಯಾಗುತ್ತವೆ. ಅವುಗಳಲ್ಲಿ ಒಂದರ ಹೆಸರು ಎಮೆರಿನ್. 254 ಅಮೈನೊ ಆಮ್ಲಗಳ ಸರಪಳಿಯಾದ ಈ ಪುಟ್ಟ ಪ್ರೋಟೀನು ಸೂಕ್ಷ್ಮದರ್ಶಕದ ಕೆಳಗೂ ತಾನಾಗಿ ಕಾಣುವುದಿಲ್ಲ. ಅದು ಇದೆಯೋ ಇಲ್ಲವೋ ಎಂಬುದನ್ನು ತಿಳಿಯಬೇಕಾದರೆ ಯಾರಾದರೂ ಸಾಕ್ಷಿ ನುಡಿಯಬೇಕು. ಅಂಥ ಸಾಕ್ಷಿಯನ್ನು ವಿಜ್ಞಾನವು ಬಹುಕಾಲದಿಂದ ಮೊಲದ ನೆತ್ತರಿನಿಂದ ಪಡೆಯುತ್ತ ಬಂದಿದೆ.

ಇಷ್ಟು ಚಿಕ್ಕದೊಂದು ಪ್ರೋಟೀನಿನ ಬಗೆಗೆ ಇಷ್ಟು ಕಾತರವೇಕೆ ಎಂಬುದಕ್ಕೆ ಉತ್ತರ ಒಂದು ರೋಗದಲ್ಲಿದೆ. ಎಮೆರಿ ಮತ್ತು ಡ್ರೈಫಸ್ ಎಂಬ ಇಬ್ಬರು ವೈದ್ಯರು 1966ರಲ್ಲಿ ಅಮೆರಿಕದ ಒಂದು ಕುಟುಂಬದಲ್ಲಿ ಕಂಡ ಸ್ನಾಯುಕ್ಷಯವನ್ನು ವಿವರಿಸಿದರು. ಅದು ಬಾಲ್ಯದಲ್ಲಿ ತಲೆದೋರುತ್ತದೆ. ಮೊಣಕೈ ಪೂರ್ತಿ ಚಾಚಲಾಗದು, ಹಿಮ್ಮಡಿ ನೆಲಕ್ಕೆ ಊರದು, ಕತ್ತು ಬಿಗಿಯುತ್ತದೆ, ತೋಳು ಮತ್ತು ಕಾಲಿನ ಸ್ನಾಯುಗಳು ಮೆಲ್ಲಮೆಲ್ಲನೆ ಸೊರಗುತ್ತವೆ. ಇದಿಷ್ಟೇ ಆಗಿದ್ದರೆ ಸಹಿಸಿಕೊಂಡು ಬಾಳಬಹುದಾಗಿತ್ತು. ಆದರೆ ಯೌವನಕ್ಕೆ ಬರುವಾಗ ಹೃದಯದ ಬಡಿತವನ್ನು ನಡೆಸುವ ವಿದ್ಯುತ್ಸಂದೇಶ ತಡವರಿಸತೊಡಗುತ್ತದೆ. ನಡೆದಾಡಿಕೊಂಡಿದ್ದ ತರುಣನು ಒಮ್ಮೆಗೇ ಕುಸಿದು ಸಾಯುವುದುಂಟು. ಮೊದಲೇ ತಿಳಿದರೆ ಬಡಿತವನ್ನು ಕಾಯುವ ಪೇಸ್‌ಮೇಕರ್ ಎಂಬ ಯಂತ್ರವನ್ನು ಎದೆಯಲ್ಲಿ ಅಳವಡಿಸಿ ಅವನನ್ನು ಉಳಿಸಿಕೊಳ್ಳಲು ಸಾಧ್ಯ. ಈ ರೋಗಕ್ಕೆ ಕಾರಣವಾದ ಜೀನು 1994ರಲ್ಲಿ ಪತ್ತೆಯಾಯಿತು. ಅದರಿಂದ ಹುಟ್ಟುವ ಪ್ರೋಟೀನಿಗೆ ಎಮೆರಿಯವರ ಗೌರವಾರ್ಥ ಎಮೆರಿನ್ ಎಂದು ಹೆಸರಿಟ್ಟರು.

ಜೀನು ಸಿಕ್ಕಿದರೂ ಪ್ರೋಟೀನಿನ ಮನೆ ಯಾವುದೆಂಬುದು ತಿಳಿದಿರಲಿಲ್ಲ. 1996ರಲ್ಲಿ ಜಪಾನಿನ ವಿಜ್ಞಾನಿಗಳು ಎಮೆರಿನ್ನಿನ ತುಣುಕುಗಳನ್ನು ಕೃತಕವಾಗಿ ತಯಾರಿಸಿ, ಅವುಗಳ ವಿರುದ್ಧ ಪ್ರತಿಕಾಯಗಳನ್ನು ಪಡೆದು, ಸ್ನಾಯುವಿನ ತೆಳುಪದರಗಳ ಮೇಲೆ ಹಾಕಿ ನೋಡಿದರು. ಆರೋಗ್ಯವಂತರ ಸ್ನಾಯುವಿನಲ್ಲಿ ಪ್ರತಿಯೊಂದು ಕೋಶಕೇಂದ್ರದ ಅಂಚಿನಲ್ಲಿಯೂ ಬಳೆಯಂಥ ಬೆಳಕು ಮೂಡಿತು. ಬೇರೆ ಬಗೆಯ ಸ್ನಾಯುರೋಗದವರಲ್ಲಿಯೂ ಮೂಡಿತು. ಈ ರೋಗದವರಲ್ಲಿ ಮಾತ್ರ ಕತ್ತಲೆ. ಎಮೆರಿನ್ ಕೇಂದ್ರಪೊರೆಯ ನಿವಾಸಿ ಎಂಬುದೂ, ರೋಗಿಯಲ್ಲಿ ಅದು ಇಲ್ಲವೆಂಬುದೂ ಏಕಕಾಲಕ್ಕೆ ಸಿದ್ಧವಾದುವು.

ಇಂಥ ಪ್ರತಿಕಾಯವನ್ನು ಮೊಲದಿಂದ ಪಡೆಯುವ ಕ್ರಮ ಸರಳವಾದುದು. ಮನುಷ್ಯನ ಪ್ರೋಟೀನನ್ನೋ ಅದರ ತುಣುಕನ್ನೋ ಮೊಲದ ಮೈಗೆ ಚುಚ್ಚುತ್ತಾರೆ. ಪರಕೀಯ ವಸ್ತು ಬಂದಿತೆಂದು ಮೊಲದ ದೇಹ ಎಚ್ಚರಗೊಂಡು ಅದನ್ನು ಹಿಡಿಯತಕ್ಕ ಪ್ರತಿಕಾಯಗಳನ್ನು ಉತ್ಪಾದಿಸುತ್ತದೆ. ಕೆಲವು ವಾರಗಳ ಅಂತರದಲ್ಲಿ ಮತ್ತೆ ಮತ್ತೆ ಚುಚ್ಚಿದಾಗ ಅವುಗಳ ಬಲ ಹೆಚ್ಚುತ್ತದೆ. ಅನಂತರ ಕಿವಿಯ ರಕ್ತನಾಳದಿಂದ ನೆತ್ತರನ್ನು ತೆಗೆದು, ಹೆಪ್ಪುಗಟ್ಟಲು ಬಿಟ್ಟು, ಮೇಲೆ ನಿಲ್ಲುವ ಹಳದಿ ತಿಳಿಯನ್ನು ಬೇರ್ಪಡಿಸುತ್ತಾರೆ. ಸೀರಮ್ ಎಂಬುದು ಇದೇ. ಮೊಲದ ದೇಹ ಒಂದೇ ಬಗೆಯ ಪ್ರತಿಕಾಯವನ್ನು ಮಾಡುವುದಿಲ್ಲ. ಅದರ ಬೇರೆ ಬೇರೆ ಕೋಶಸಂತತಿಗಳು ಪ್ರೋಟೀನಿನ ಬೇರೆ ಬೇರೆ ಭಾಗಗಳನ್ನು ಹಿಡಿಯುವ ಪ್ರತಿಕಾಯಗಳನ್ನು ಮಾಡುತ್ತವೆ. ಆದುದರಿಂದಲೇ ಈ ಮಿಶ್ರಣಕ್ಕೆ ಪಾಲಿಕ್ಲೋನಲ್ ಎಂಬ ಹೆಸರು ಬಂದಿದೆ. ಒಂದು ಭಾಗ ಮರೆಯಾಗಿದ್ದರೆ ಇನ್ನೊಂದನ್ನು ಹಿಡಿಯುವವರಿರುತ್ತಾರೆ; ಇದು ಅದರ ಬಲ. ಆದರೆ ಅದೇ ಸೀರಮ್ಮಿನಲ್ಲಿ ಮೊಲವು ತನ್ನ ಜೀವಮಾನದಲ್ಲಿ ಎದುರಿಸಿದ ಇತರ ವಸ್ತುಗಳ ಮೇಲಿನ ಪ್ರತಿಕಾಯಗಳೂ ಸೇರಿರುತ್ತವೆ. ಕರೆಸಿದ ಸಾಕ್ಷಿಯ ಜೊತೆಗೆ ಊರಿನ ಜನರೆಲ್ಲ ನ್ಯಾಯಾಲಯಕ್ಕೆ ಬಂದಂತೆ.

ಈ ದೋಷ ಬರಿಯ ಊಹೆಯಲ್ಲವೆಂಬುದಕ್ಕೆ ಎಮೆರಿನ್ನಿನ ಕಥೆಯೇ ನಿದರ್ಶನ. ಹೃದಯದ ಸ್ನಾಯುಕೋಶಗಳು ತುದಿಗೆ ತುದಿ ಕೂಡಿಕೊಳ್ಳುವ ಸಂದುಗಳಿವೆ. ಬಡಿತದ ಸಂದೇಶ ಅವುಗಳ ಮೂಲಕವೇ ಕೋಶದಿಂದ ಕೋಶಕ್ಕೆ ಹರಿಯುತ್ತದೆ. ಎಮೆರಿನ್ ಕೇಂದ್ರಪೊರೆಯಲ್ಲಿ ಮಾತ್ರವಲ್ಲದೆ ಈ ಸಂದುಗಳಲ್ಲಿಯೂ ಇದೆಯೆಂದು 1997ರಲ್ಲಿ ವರದಿಯಾಯಿತು. ಎಷ್ಟು ಸೊಗಸಾದ ವಿವರಣೆ! ಸಂದಿನಲ್ಲಿ ಇರಬೇಕಾದುದು ಇಲ್ಲವಾದ್ದರಿಂದಲೇ ರೋಗಿಯ ಹೃದಯ ತಡವರಿಸುತ್ತದೆ ಎಂದರೆ ಯಾರು ತಾನೇ ಒಪ್ಪುವುದಿಲ್ಲ? 1999ರಲ್ಲಿ ಬ್ರಿಟನ್ನಿನ ಸಂಶೋಧಕರು ಇದನ್ನು ಮರುಪರಿಶೀಲಿಸಿದರು. ಅವರ ಬಳಿ ಎಮೆರಿನ್ನಿನ ಆರು ನಿರ್ದಿಷ್ಟ ತಾಣಗಳನ್ನು ಗುರುತಿಸುವ 16 ಏಕಮೂಲ ಪ್ರತಿಕಾಯಗಳಿದ್ದುವು. ಬೇರೆ ಬೇರೆ ತಾಣಗಳನ್ನು ಹಿಡಿಯುವ ಹಲವು ಪ್ರತಿಕಾಯಗಳು ಹೃದಯದ ಕೋಶಕೇಂದ್ರಗಳನ್ನು ಸ್ಪಷ್ಟವಾಗಿ ಬೆಳಗಿಸಿದುವು, ಸಂದುಗಳನ್ನು ಮುಟ್ಟಲಿಲ್ಲ. ಮೊಲದ ಸೀರಮ್ ಮಾತ್ರ ಎರಡನ್ನೂ ಬೆಳಗಿಸಿತು. ಆಗ ಅವರು ಒಂದು ಕೆಲಸ ಮಾಡಿದರು. ಶುದ್ಧ ಎಮೆರಿನ್ನಿಗೆ ಅಂಟಿಕೊಳ್ಳುವ ಪ್ರತಿಕಾಯಗಳನ್ನಷ್ಟೇ ಆ ಸೀರಮ್ಮಿನಿಂದ ಆರಿಸಿಕೊಂಡು ಮಿಕ್ಕುದನ್ನು ಬಿಟ್ಟರು. ಹೀಗೆ ಶೋಧಿಸಿದ ಮೇಲೆ ಅದೇ ಮೊಲದ ಪ್ರತಿಕಾಯ ಕೇಂದ್ರಪೊರೆಯನ್ನು ಮಾತ್ರ ತೋರಿಸಿತು. ಸಂದಿನ ಬೆಳಕು ಆರಿಹೋಯಿತು. ಹೃದಯದ ರೋಗಕ್ಕೆ ಕೊಟ್ಟಿದ್ದ ಆ ಸೊಗಸಾದ ವಿವರಣೆ ಸಂಶಯಕ್ಕೆ ಒಳಗಾಯಿತು.

ಮೊಲದ ತಪ್ಪು ಇದರಲ್ಲಿ ಏನೂ ಇಲ್ಲ. ಸೀಸೆಯ ಮೇಲಿನ ಚೀಟಿಯನ್ನೇ ಪ್ರಮಾಣವೆಂದು ನಂಬುವುದು ತಪ್ಪು. ಇಂದು ಸಾವಿರಾರು ಪ್ರತಿಕಾಯಗಳು ಅಂಗಡಿಯ ಸರಕಿನಂತೆ ದೊರೆಯುತ್ತವೆ. ಹಣ ಕೊಟ್ಟವನು ಸತ್ಯವನ್ನೂ ಕೊಂಡೆನೆಂದು ತಿಳಿಯುವುದು ಸುಲಭ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆ ಪ್ರಯೋಗಾಲಯದ ಗೋಡೆಯ ಮೇಲೆ ಇರತಕ್ಕದ್ದಾಗಿದೆ. 2023ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ 65 ಪ್ರೋಟೀನುಗಳಿಗೆಂದು ಮಾರಾಟವಾಗುತ್ತಿದ್ದ 614 ಪ್ರತಿಕಾಯಗಳನ್ನು, ಆಯಾ ಪ್ರೋಟೀನು ಇಲ್ಲದಂತೆ ಮಾಡಿದ ಜೀವಕೋಶಗಳ ಮೇಲೆ ಹಾಕಿ ಪರೀಕ್ಷಿಸಿದರು. ಇಲ್ಲದ ಪ್ರೋಟೀನನ್ನು ಇದೆಯೆಂದು ತೋರಿಸಿದರೆ ಆ ಸಾಕ್ಷಿ ಸುಳ್ಳು. ಇದಕ್ಕಿಂತ ನೇರವಾದ ಪಾಟೀಸವಾಲು ಇನ್ನೊಂದಿಲ್ಲ. ಸೋತ ಪ್ರತಿಕಾಯಗಳನ್ನು ನಂಬಿ ಪ್ರಕಟವಾಗಿದ್ದ ಪ್ರಬಂಧಗಳ ಸಂಖ್ಯೆ ಒಂದೊಂದು ಪ್ರೋಟೀನಿಗೆ ಸರಾಸರಿ 12ರಷ್ಟಿತ್ತು. ಕೆಲವನ್ನು ತಯಾರಕರೇ ಮಾರಾಟದಿಂದ ಹಿಂತೆಗೆದುಕೊಂಡರು. ಅದು ಅವರಿಗೆ ಶೋಭೆ ತರುವ ನಡತೆಯೇ ಸರಿ. ಆದರೆ ಮಾರುವ ಮುನ್ನ ಆಗಬೇಕಾಗಿದ್ದ ಕೆಲಸವದು.

ಇನ್ನೊಂದು ತೊಡಕಿದೆ. ಒಂದು ಮೊಲದ ನೆತ್ತರಿಗೆ ಮಿತಿಯಿದೆ; ಅದು ಸತ್ತರೆ ಆ ಮಿಶ್ರಣ ಮತ್ತೆ ದೊರೆಯುವುದಿಲ್ಲ. ಮತ್ತೊಂದು ಮೊಲದ ಸೀರಮ್ ಅದೇ ಹೆಸರಿನ ಸೀಸೆಯಲ್ಲಿ ಬಂದರೂ ಅದೇ ವಸ್ತುವಲ್ಲ. 2015ರಲ್ಲಿ ಬ್ರಾಡ್‌ಬರಿ ಮತ್ತು ಪ್ಲುಕ್‌ತುನ್ ಎಂಬ ವಿಜ್ಞಾನಿಗಳು ನೂರಕ್ಕೂ ಮಿಕ್ಕ ಸಹೋದ್ಯೋಗಿಗಳ ಬೆಂಬಲದೊಡನೆ, ಪ್ರತಿಕಾಯಗಳನ್ನು ಅವುಗಳ ಜೀನಿನ ಅಕ್ಷರಕ್ರಮದಿಂದಲೇ ನಿರೂಪಿಸಿ, ಕೋಶಗಳಲ್ಲಿ ತಯಾರಿಸಬೇಕೆಂದು ಒತ್ತಾಯಿಸಿದರು. ಹಾಗೆ ಮಾಡಿದ್ದು ಎಷ್ಟು ಸಲ ತಯಾರಿಸಿದರೂ ಒಂದೇ. 614 ಪ್ರತಿಕಾಯಗಳ ಆ ಪರೀಕ್ಷೆಯಲ್ಲಿಯೂ ಒಟ್ಟಿನಲ್ಲಿ ಇವೇ ಮೇಲಾಗಿ ಕಂಡುವು. ಬೆಲೆ ಹೆಚ್ಚೆಂಬ ಆಕ್ಷೇಪವಿದೆ, ಅದು ನಿಜವೇ. ಬಡ ಪ್ರಯೋಗಾಲಯಗಳು ಮೊಲದ ಸೀರಮ್ಮನ್ನು ಇನ್ನೂ ಬಹುಕಾಲ ಬಳಸಬೇಕಾದೀತು. ಬಳಸಲಿ, ಆದರೆ ಪ್ರೋಟೀನು ಇಲ್ಲದ ಕೋಶದ ಮೇಲೆ ಒಮ್ಮೆ ಹಾಕಿ ನೋಡದೆ ಒಂದು ಸಾಲನ್ನೂ ಬರೆಯದಿರಲಿ. ಪ್ರಾಣಿಯೊಂದು ಚುಚ್ಚುಮದ್ದನ್ನು ಸಹಿಸಿ ಕೊಟ್ಟ ನೆತ್ತರನ್ನು ಸುಳ್ಳಿಗೆ ಬಳಸುವುದು ಹಣದ ವ್ಯಯಕ್ಕಿಂತ ಹೀನವಾದ ವ್ಯಯ.

ಎಮೆರಿನ್ನಿನ ವಿಷಯದಲ್ಲಿ ಈ ಪರೀಕ್ಷೆಯನ್ನು ಪ್ರಕೃತಿಯೇ ಏರ್ಪಡಿಸಿಕೊಟ್ಟಿದೆ. ಇದರ ಜೀನು ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ರೋಗ ಬಹುಮಟ್ಟಿಗೆ ಗಂಡುಮಕ್ಕಳನ್ನು ಕಾಡುತ್ತದೆ. ತಾಯಿ ಅದನ್ನು ಹೊತ್ತಿರುತ್ತಾಳೆ. ಹೆಣ್ಣಿನ ಪ್ರತಿಯೊಂದು ಕೋಶದಲ್ಲಿಯೂ ಎರಡು ಎಕ್ಸ್ ತಂತುಗಳ ಪೈಕಿ ಒಂದು ಸುಮ್ಮನಾಗಿಬಿಡುತ್ತದೆ. ಅಂಥ ತಾಯಿಯ ಕೆನ್ನೆಯ ಒಳಭಾಗದಿಂದ ನೋವಿಲ್ಲದೆ ಕೆರೆದು ತೆಗೆದ ಕೋಶಗಳನ್ನು ಗಾಜಿನ ಮೇಲೆ ಹರಡಿ, ಶೋಧಿಸಿದ ಪ್ರತಿಕಾಯವನ್ನು ಹಾಕಿದರೆ, ಕೆಲವು ಕೇಂದ್ರಗಳ ಸುತ್ತ ಬೆಳಕಿನ ಬಳೆ ಮೂಡುತ್ತದೆ. ಅವುಗಳ ಪಕ್ಕದಲ್ಲಿಯೇ ಇನ್ನು ಕೆಲವು ಕತ್ತಲಾಗಿರುತ್ತವೆ. ಗಾಜು ಒಂದೇ, ಪ್ರತಿಕಾಯ ಒಂದೇ, ಕೈ ಒಂದೇ. ಅದನ್ನು ಕಂಡ ವೈದ್ಯರು ಮೊದಲು ಕೇಳುವುದು ಅವಳ ಗಂಡುಮಕ್ಕಳ ವಯಸ್ಸನ್ನು.