ಹೆಸರಿಲ್ಲದೆ ಸೊರಗಿದ ಕಾವೇರಿಯ ಮೀನು

ಮಳವಳ್ಳಿಯಿಂದ ಹಲಗೂರು ದಾಟಿ ಕಾಡಿನ ಹಾದಿಯಲ್ಲಿ ಇಳಿದರೆ ಮುತ್ತತ್ತಿ ಸಿಗುತ್ತದೆ. ಹೊಳೆಗೆ ಬಿದ್ದ ಸೀತೆಯ ಮೂಗುತಿಯ ಮುತ್ತನ್ನು ಹನುಮಂತ ಬಾಲದಿಂದ ಎತ್ತಿಕೊಟ್ಟನೆಂಬುದು ಅಲ್ಲಿನ ಸ್ಥಳಪುರಾಣ. ಅದೇ ಹೊಳೆಯಲ್ಲಿ ಇನ್ನೊಂದು ಮುತ್ತು ಕಾಣೆಯಾಗುತ್ತಿದೆ. ಅದು ಕಾವೇರಿ ಕೊಳ್ಳವನ್ನು ಬಿಟ್ಟು ಜಗತ್ತಿನ ಬೇರೆಲ್ಲೂ ಇಲ್ಲದ, ಗೂನು ಬೆನ್ನಿನ ಮಹಶೀರ್ ಮೀನು.

1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಇಷ್ಟು ಪ್ರಸಿದ್ಧವಾದ ಮೀನಿನ ವೈಜ್ಞಾನಿಕ ಗುರುತು ಖಚಿತವಾದದ್ದು 2018ರಲ್ಲಿ ಎಂದರೆ ಅಚ್ಚರಿಯಾಗಬಹುದು. ಕೇರಳದ ಪಾಂಬಾರ್ ನದಿಯಲ್ಲಿ 2007ರಲ್ಲಿ ಗುರುತಿಸಲಾಗಿದ್ದ 'ಟಾರ್ ರೆಮಾದೇವಿ' ಪ್ರಭೇದವೇ ಇದು ಎಂದು ಸಂಶೋಧಕರು ಆಗ ತೋರಿಸಿಕೊಟ್ಟರು. ಅದೇ ವರ್ಷ ಇದು ಅಳಿವಿನ ತೀವ್ರ ಭೀತಿಯಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಯನ್ನೂ ಸೇರಿತು.

ಈ ವಿಳಂಬಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಮಹಶೀರ್ ಎಂದರೆ ಒಂದೇ ಮೀನೆಂದು ಭಾವಿಸಿ, 1970ರ ದಶಕದಿಂದ ಲೋಣಾವಳದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಕಾವೇರಿಗೆ ಬಿಡಲಾಯಿತು. ಗಾಲಿಬೋರೆಯ ಗಾಳಗಾರರ 1998ರಿಂದ 2012ರವರೆಗಿನ ದಾಖಲೆಗಳನ್ನು ಪರಿಶೀಲಿಸಿದಾಗ ನಿಜಸ್ಥಿತಿ ತಿಳಿಯಿತು. ಸಿಕ್ಕ ಮೀನುಗಳ ಒಟ್ಟು ಸಂಖ್ಯೆ ಏರಿತ್ತು, ಆದರೆ ಅವುಗಳಲ್ಲಿ ಗೂನು ಮೀನು ಇಳಿಮುಖವಾಗಿತ್ತು. ಉಳಿದವು ಬಹುಪಾಲು ದೊಡ್ಡ ಮೀನುಗಳು. ಹೊಸ ಪೀಳಿಗೆ ಬರುತ್ತಿರಲಿಲ್ಲ. ಸಂರಕ್ಷಣೆ ಯಶಸ್ವಿಯಾಯಿತೆಂದು ನಾವು ನಂಬಿದ್ದ ಹೊತ್ತಿನಲ್ಲೇ ಮೂಲ ನಿವಾಸಿ ಹೊಳೆಯಿಂದ ಮರೆಯಾಗುತ್ತಿತ್ತು.

ವನ್ಯಜೀವಿ ಧಾಮದೊಳಗೆ ಗಾಳ ಹಾಕುವುದು ನಿಂತ ಮೇಲೆ ಆ ದಾಖಲೆಯೂ ನಿಂತಿತು. ಆ ಹವ್ಯಾಸ ಮರಳಿ ಬರಲೆಂದು ನಾನು ವಾದಿಸುತ್ತಿಲ್ಲ. ಆದರೆ ಮೀನನ್ನು ಎಣಿಸುವ, ಸಿಡಿಮದ್ದಿನಿಂದ ಕಾಯುವ ಕೆಲಸ ಯಾರದಾದರೂ ಹೊಣೆಯಾಗಿರಲೇಬೇಕು.

ಮಳೆಗಾಲದ ಹೊಸನೀರಿಗೆ ಎದುರೇರಿ ಜಲ್ಲಿಕಲ್ಲಿನ ಹಾಸಿನಲ್ಲಿ ಮೊಟ್ಟೆಯಿಡುವ ಈ ಮೀನಿಗೆ ಹರಿಯುವ ನೀರೇ ಬದುಕು. ಪ್ರಸ್ತಾಪಿತ ಮೇಕೆದಾಟು ಯೋಜನೆ ಸುಮಾರು 67 ಟಿಎಂಸಿ ನೀರನ್ನು ನಿಲ್ಲಿಸಲಿದ್ದು, ಅದರ ಹಿನ್ನೀರು ವನ್ಯಜೀವಿ ಧಾಮದೊಳಗಿನ ಹರಿವನ್ನೇ ಆವರಿಸಲಿದೆ. ಬೆಂಗಳೂರಿನ ದಾಹವೂ ಮಂಡ್ಯದ ರೈತನ ಬವಣೆಯೂ ಸುಳ್ಳಲ್ಲ. ಆದರೆ ಕಾವೇರಿ ಎಂದೊಡನೆ ಟಿಎಂಸಿ ಲೆಕ್ಕವನ್ನಷ್ಟೇ ಹಾಕುವ ನಮಗೆ ಆ ನೀರಿನೊಳಗಿನ ಜೀವದ ಲೆಕ್ಕವೂ ಬೇಡವೇ?

ಶಿವನಸಮುದ್ರದಿಂದ ಮೇಕೆದಾಟುವರೆಗೆ ಗೂನು ಮೀನಿನ ಸಮೀಕ್ಷೆ ಮೊದಲು ನಡೆಯಲಿ. ಪ್ರಭೇದ ಖಚಿತವಾಗದ ಯಾವ ಮರಿಯನ್ನೂ ನದಿಗೆ ಬಿಡುವುದು ಬೇಡ. ಯೋಜನೆಯ ಪರಿಸರ ವರದಿ ಈ ಮೀನನ್ನು ಹೆಸರಿಟ್ಟು ಪರಿಗಣಿಸಲಿ. ತಮಿಳುನಾಡಿನ ಮೊಯಾರ್ ನದಿಯಲ್ಲಿ ಇದರ ಸಂತತಿ ಇನ್ನೂ ಉಳಿದಿದೆ. ಎರಡು ರಾಜ್ಯಗಳು ವ್ಯಾಜ್ಯವಿಲ್ಲದೆ ಕೂಡಿ ಮಾಡಬಹುದಾದ ಕಾವೇರಿಯ ಕೆಲಸ ಇದೊಂದಾದರೂ ಇದೆ.