ಸೋರಿಕೆಯೋ, ಪ್ರವಾಹವೋ?

2022ರ ಸೆಪ್ಟೆಂಬರ್‌ನಲ್ಲಿ ಸರ್ಜಾಪುರ ರಸ್ತೆ, ಯಮಲೂರುಗಳ ಬಡಾವಣೆಗಳಿಂದ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಹೊರತಂದಾಗ ಕೇಳಿಬಂದ ಉಪದೇಶ: 'ಮನೆಗೆ ವಿಮೆ ಮಾಡಿಸಬೇಕಿತ್ತು.' ಭಾಷೆಯನ್ನೇ ಓದುವ ಸಂಶೋಧನಾ ವಿದ್ಯಾರ್ಥಿಯಾದ ನನಗೆ ಈ ಉಪದೇಶದ ಬಗ್ಗೆ ತಕರಾರಿದೆ.

ವಿಮೆ ಬೇಡವೆನ್ನುತ್ತಿಲ್ಲ. 2021ರ ಏಪ್ರಿಲ್‌ನಿಂದ ಇರುವ 'ಭಾರತ್ ಗೃಹ ರಕ್ಷಾ' ಪಾಲಿಸಿಯಲ್ಲಿ ಪ್ರವಾಹವೂ ಸೇರಿದೆ. ಬಾಡಿಗೆದಾರರೂ ಮನೆಸಾಮಾನಿಗೆ ವಿಮೆ ಮಾಡಿಸಬಹುದು. ಆದರೆ ಕ್ಲೇಮಿನ ಹಣೆಬರಹ ಒಂದು ಪದದಲ್ಲಿದೆ. ಸರ್ವೇಯರ್ ವರದಿಯಲ್ಲಿ 'ಪ್ರವಾಹ' ಎಂದಿದ್ದರೆ ಹಣದ ದಾರಿ ತೆರೆಯುತ್ತದೆ; 'ಹಳೆಯ ಸೋರಿಕೆ' ಎಂದಿದ್ದರೆ ಮುಚ್ಚುತ್ತದೆ. ಆದ್ದರಿಂದ ಗೋಡೆ ತೊಳೆಯುವ ಮುನ್ನ ನೀರಿನ ಗುರುತಿನ ಫೋಟೊ ತೆಗೆಯಿರಿ. ಸರ್ವೇಯರ್ ನೋಡುವವರೆಗೆ ಹಾಳಾದ ಸಾಮಾನು ಎಸೆಯಬೇಡಿ. ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ಕೇಳಿ. ಕಂಪನಿ ದೂರಿಗೆ ಸ್ಪಂದಿಸದಿದ್ದರೆ ವಿಮಾ ಓಂಬುಡ್ಸ್‌ಮನ್ ಇದ್ದಾರೆ, ಶುಲ್ಕವಿಲ್ಲ.

ಇಷ್ಟೆಲ್ಲ ಮಾಡಿದರೂ ಕ್ಲೇಮ್ ಫಾರ್ಮಿನಲ್ಲಿ ಒಂದು ಕಾಲಂ ಇರುವುದಿಲ್ಲ: ರಾಜಕಾಲುವೆಯನ್ನು ಮುಚ್ಚಿದವರು ಯಾರು? ಕೆರೆಯಿಂದ ಕೆರೆಗೆ ಹರಿಯಬೇಕಿದ್ದ ನೀರು ಮನೆಗೆ ನುಗ್ಗಿದ್ದನ್ನು 'ಪ್ರಕೃತಿ ವಿಕೋಪ' ಎಂದುಬಿಟ್ಟರೆ ಒತ್ತುವರಿದಾರನೂ, ನಕ್ಷೆಗೆ ಸಹಿ ಹಾಕಿದವನೂ ಪಾರು. ಪೀಣ್ಯದ ಒಂದೇ ಕೋಣೆಯ ಮನೆಯ ಕಾರ್ಮಿಕನಂತೂ ನೆಂದ ಹಾಸಿಗೆಗೆ ರಸೀದಿ ಎಲ್ಲಿಂದ ತಂದಾನು?

ಪ್ರೀಮಿಯಂ ಕಟ್ಟೋಣ. ಕಾಲುವೆಯ ಲೆಕ್ಕವನ್ನೂ ಕೇಳೋಣ.